ಹದಿನೆಂಟಕ್ಕೆ ಇಟ್ಟರೂ ಕೋಣೆ ತಣ್ಣಗಾಗುತ್ತಿಲ್ಲ, ಬಿಲ್ ಮಾತ್ರ ಏರುತ್ತಿದೆ: ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಕಲಬುರಗಿಯಲ್ಲಿ ಸ್ವಂತ ಮನೆ, ಮೇಲಿನ ಮಹಡಿ. ಮಲಗುವ ಕೋಣೆ 12×12 ಅಡಿ. ತಲೆ ಮೇಲೆ ನೇರ ಆರ್‌ಸಿಸಿ ಮಾಳಿಗೆ, ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿ. ಎರಡು ವರ್ಷದ ಹಿಂದೆ ಒಂದೂವರೆ ಟನ್, 3 ಸ್ಟಾರ್, ಇನ್ವರ್ಟರ್ ಎಸಿ ಹಾಕಿಸಿದೆವು. ಈಗ ರಾತ್ರಿ ಎಂಟಕ್ಕೆ ಆನ್ ಮಾಡಿ 18ಕ್ಕೆ ಇಟ್ಟರೂ ಹನ್ನೊಂದರವರೆಗೆ ಸೆಕೆ ಹೋಗಲ್ಲ. ಬೆಳಗಿನ ಜಾವ ನೋಡಿದರೆ ನಡುಕ ಬರುತ್ತೆ. ಫೆಬ್ರುವರಿವರೆಗೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಇತ್ತು. ಏಪ್ರಿಲ್‌ನದು 4,600 ರೂಪಾಯಿ ಬಂದಿದೆ. ಮೆಕ್ಯಾನಿಕ್ ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು ಅಂತಾರೆ. ಮನೆಯವರು ಎರಡು ಟನ್‌ನದೇ ತಂದುಬಿಡೋಣ ಅಂತಾರೆ. ಅತ್ತೆಗೆ 76 ವರ್ಷ, ಮಗುವಿಗೆ ಎಂಟು ತಿಂಗಳು. ಇಬ್ಬರೂ ಇದೇ ಕೋಣೆಯಲ್ಲಿ ಮಲಗುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಎರಡು ಮಾತು ಹೇಳಿಬಿಡುತ್ತೇನೆ. ಎರಡು ಟನ್ ಎಸಿ ತರಬೇಡಿ. ಗ್ಯಾಸ್‌ಗೂ ಇವತ್ತೇ ದುಡ್ಡು ಕೊಡಬೇಡಿ.

ನಿಮ್ಮ ಎಸಿ ಬಹುಶಃ ಸರಿಯಾಗಿಯೇ ಇದೆ. ಸುಳಿವು ನಿಮ್ಮ ಪತ್ರದಲ್ಲೇ ಇದೆ. ಬೆಳಗಿನ ಜಾವ ನಡುಕ ಬರುತ್ತದೆ ಅಂದಿರಿ. ಗ್ಯಾಸ್ ಖಾಲಿಯಾದ ಎಸಿ ಯಾವ ಹೊತ್ತಿನಲ್ಲೂ ನಡುಕ ಬರಿಸುವುದಿಲ್ಲ. ನಿಮ್ಮದು ಎಂಟರಿಂದ ಹನ್ನೊಂದರವರೆಗೆ ಸೋಲುತ್ತದೆ, ಆಮೇಲೆ ಗೆಲ್ಲುತ್ತದೆ. ಹಾಗಾದರೆ ಆ ಮೂರು ಗಂಟೆ ಅದು ಯಾರ ಎದುರು ಸೋಲುತ್ತಿದೆ?

ಇವತ್ತು ರಾತ್ರಿ ಎಸಿ ಹಾಕುವ ಮೊದಲು ಫ್ಯಾನ್ ಆಫ್ ಮಾಡಿ. ಮನೆಯವರಿಗೆ ಎತ್ತರದ ಸ್ಟೂಲ್ ಮೇಲೆ ನಿಂತು ಅಂಗೈಯನ್ನು ಸೀಲಿಂಗ್‌ಗೆ ಒತ್ತಿ ನೋಡಲು ಹೇಳಿ. ಎಂಟು ಗಂಟೆಗೆ, ಸೂರ್ಯ ಮುಳುಗಿ ಒಂದು ಗಂಟೆ ಮೇಲಾಗಿರುತ್ತದೆ. ಆದರೂ ಕೈಗೆ ತವೆ ಇಳಿಸಿದ ಒಲೆಕಟ್ಟೆ ಮುಟ್ಟಿದಂಗೆ ಬಿಸಿ ತಾಗುತ್ತದೆ. ಕಾಂಕ್ರೀಟ್ ಮಧ್ಯಾಹ್ನ ಕುಡಿದ ಬಿಸಿಲನ್ನು ತಕ್ಷಣ ಒಳಗೆ ಬಿಡುವುದಿಲ್ಲ. ನಿಧಾನಕ್ಕೆ ಇಳಿಸುತ್ತಾ ಬಂದು, ನೀವು ಮಲಗಲು ಬರುವ ಹೊತ್ತಿಗೂ ಬಿಡುತ್ತಲೇ ಇರುತ್ತದೆ. ಪಶ್ಚಿಮದ ಗೋಡೆಯದ್ದೂ ಇದೇ ಕಥೆ. ಹನ್ನೊಂದರ ನಂತರ ಮಾಳಿಗೆ ಆರತೊಡಗಿದಾಗ ಎಸಿಗೆ ಉಸಿರು ಬರುತ್ತದೆ.

ನಾನು ಎಸಿ ಫಿಟ್ಟಿಂಗ್, ರಿಪೇರಿ ಕೆಲಸದಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಇದ್ದೇನೆ. ಮೊದಲು ಮಂಗಳೂರಿನ ಕಡೆ, ಆಮೇಲೆ ನಿಮ್ಮದೇ ಬಿಸಿಲು ನಾಡಿನಲ್ಲಿ. ಏಪ್ರಿಲ್, ಮೇ ಬಂತು ಅಂದರೆ ‘ಎಸಿ ತಣ್ಣಗಾಗ್ತಿಲ್ಲ’ ಅಂತ ದಿನವಿಡೀ ಫೋನು. ಹೋಗಿ ನೋಡಿದರೆ ಮೆಷಿನ್ನಿಗಿಂತ ಮನೆಯದೇ ತಪ್ಪು ಜಾಸ್ತಿ. ಅದಕ್ಕೇ ಮೆಷಿನ್ ಬಿಟ್ಟು ಮನೆಯಿಂದ ಶುರು ಮಾಡುತ್ತೇನೆ.

ಎಸಿ ಅಂದರೆ ಒಬ್ಬ ಹಮಾಲಿ ಅಂದುಕೊಳ್ಳಿ. ನಿಮ್ಮೂರ ಎಪಿಎಂಸಿಯಲ್ಲಿ ತೊಗರಿ ಚೀಲ ಹೊರುವ ಹಮಾಲರನ್ನು ನೋಡಿದ್ದೀರಲ್ವಾ? ಹಾಗೇ ಇದು ಕೋಣೆಯೊಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಒಂದು ಯೂನಿಟ್ ಕರೆಂಟ್ ಕೊಟ್ಟರೆ ಮೂರರಿಂದ ಐದು ಯೂನಿಟ್‌ನಷ್ಟು ಬಿಸಿ ಹೊರುತ್ತದೆ. ಒಳ್ಳೆ ಕೆಲಸಗಾರ. ಆದರೆ ಕೂಲಿ ಎರಡು ವಿಷಯದ ಮೇಲೆ ನಿಲ್ಲುತ್ತದೆ. ಎಷ್ಟು ಚೀಲ ಇವೆ, ಎಷ್ಟು ಮೆಟ್ಟಿಲು ಹತ್ತಬೇಕು.

ಮೆಟ್ಟಿಲು ಅಂದರೆ ಒಳಗಿನ ಮತ್ತು ಹೊರಗಿನ ತಾಪದ ಅಂತರ. ರಾತ್ರಿ ಎಂಟೂವರೆಗೆ ಹೊರಗೆ 36 ಡಿಗ್ರಿ ಇದೆ ಅನ್ನಿ. ಒಳಗೆ 26 ಬೇಕು ಅಂದರೆ ಹತ್ತು ಮೆಟ್ಟಿಲು. 18 ಬೇಕು ಅಂದರೆ ಹದಿನೆಂಟು. ಮೇಲಾಗಿ ಒಳಗೆ ತಣ್ಣಗಾದಷ್ಟೂ ಗೋಡೆ, ಮಾಳಿಗೆ, ಕಿಟಕಿಯಿಂದ ಬಿಸಿ ಜಾಸ್ತಿ ನುಗ್ಗುತ್ತದೆ. ಮೆಟ್ಟಿಲೂ ಜಾಸ್ತಿ, ಚೀಲವೂ ಜಾಸ್ತಿ. ಕೇಂದ್ರ ಸರ್ಕಾರದ ಬಿಇಇ ಸಂಸ್ಥೆ, ಅಂದರೆ ಎಸಿ ಮೇಲಿನ ಸ್ಟಾರ್ ಪಟ್ಟಿ ಕೊಡುವವರು, ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಅನ್ನುತ್ತಾರೆ. 2020ರ ಜನವರಿಯಿಂದ ಸ್ಟಾರ್ ಪಟ್ಟಿಯ ಎಸಿಗಳು ಕಂಪನಿಯಿಂದ ಬರುವಾಗಲೇ 24ಕ್ಕೆ ಸೆಟ್ ಆಗಿರಬೇಕು ಅಂತ ನಿಯಮ ಮಾಡಿದ್ದೂ ಇದಕ್ಕೇ. ನಿಮ್ಮದೂ ಹಾಗೇ ಬಂದಿರುತ್ತದೆ. ಇಳಿಸಿದ್ದು ನಮ್ಮ ಬೆರಳು.

18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಅನ್ನೋ ನಂಬಿಕೆ ಎಲ್ಲ ಮನೆಯಲ್ಲೂ ಇದೆ. ಇದು ನಿಜವಲ್ಲ. ಕೋಣೆ 37 ಡಿಗ್ರಿಯಲ್ಲಿ ಇರುವಾಗ ನೀವು 25ಕ್ಕೆ ಇಟ್ಟರೂ ಎಸಿ ತನ್ನ ಪೂರ್ತಿ ಬಲದಿಂದಲೇ ಓಡುತ್ತದೆ, 18ಕ್ಕೆ ಇಟ್ಟರೂ ಅಷ್ಟೇ. ಇರುವುದೇ ಅಷ್ಟು ಬಲ. ವ್ಯತ್ಯಾಸ ಆಮೇಲೆ ಗೊತ್ತಾಗುವುದು. 25ಕ್ಕೆ ಇಟ್ಟಿದ್ದರೆ ಅಲ್ಲಿಗೆ ಮುಟ್ಟಿದಾಗ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರು, ನಿಧಾನ ಆಗುತ್ತದೆ. ಇನ್ವರ್ಟರ್ ಎಸಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೇ ಆ ನಿಧಾನಕ್ಕೆ. 18ಕ್ಕೆ ಇಟ್ಟರೆ ಅದು ಅರ್ಧ ರಾತ್ರಿ ಕಳೆದರೂ ಪೂರ್ತಿ ಓಡುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ. ಇನ್ವರ್ಟರ್ ಎಸಿಯನ್ನು ನೀವು ಹಳೇ ಕಾಲದ ಎಸಿ ಥರ ಓಡಿಸುತ್ತಿದ್ದೀರಿ.

ಇನ್ನು ಚೀಲದ ವಿಷಯ. ಒಂದೂವರೆ ಟನ್ ಅಂದರೆ ಗಂಟೆಗೆ ಸುಮಾರು 5.3 ಯೂನಿಟ್‌ನಷ್ಟು ಬಿಸಿ ಹೊರುವ ಶಕ್ತಿ. (ಟನ್ ಅನ್ನೋದು ಮೆಷಿನ್ನಿನ ತೂಕ ಅಲ್ಲ. ಹಿಂದೆ ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದಿಂದ ಬಂದ ಮಾತು. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟು.) ಈ ಶಕ್ತಿಯನ್ನು ಹೊರಗೆ 35 ಡಿಗ್ರಿ ಇದ್ದಾಗ ಅಳೆದಿರುತ್ತಾರೆ. ಕಲಬುರಗಿಯ 42, 43 ಡಿಗ್ರಿಯಲ್ಲಿ ಅದು ಕಡಿಮೆಯಾಗುತ್ತದೆ. ನಿಮ್ಮ ಕೋಣೆಯ ಮಾಳಿಗೆ 144 ಚದರ ಅಡಿ. ಬಿಸಿಲು ಕುಡಿದ ಬರೀ ಕಾಂಕ್ರೀಟು ಉತ್ತುಂಗದಲ್ಲಿ ಗಂಟೆಗೆ ಒಂದೂವರೆಯಿಂದ ಎರಡು ಯೂನಿಟ್‌ನಷ್ಟು ಬಿಸಿ ಇಳಿಸುತ್ತದೆ, ಇದು ನನ್ನ ಲೆಕ್ಕ. ಅಂದರೆ ಎಸಿಯ ದುಡಿಮೆಯಲ್ಲಿ ಮೂರನೇ ಒಂದು ಪಾಲು ಮಾಳಿಗೆಗೇ ಹೋಯಿತು. ಗೋಡೆ, ಕಿಟಕಿ, ನಾಲ್ಕು ಜನರ ಮೈ ಶಾಖ, ಬಾಗಿಲ ಸಂದು ಇನ್ನೂ ಬಾಕಿ.

ಈಗ ಹೇಳಿ, ಇನ್ನೊಬ್ಬ ಹಮಾಲಿಯನ್ನು ಕರೆಯಬೇಕೋ, ಚೀಲ ಕಡಿಮೆ ಮಾಡಬೇಕೋ?

ಮಾಳಿಗೆಗೆ ಸುಣ್ಣ ಹಚ್ಚಿ. ನಾನು ಹೇಳುವ ಎಲ್ಲದರಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಒಂದು ಮನೆಯಲ್ಲಿ ಅಣ್ಣ ತಮ್ಮ ಇಬ್ಬರ ಪಾಲು ಅಕ್ಕಪಕ್ಕ ಇತ್ತು, ಮಾಳಿಗೆ ಒಂದೇ. ತಮ್ಮ ತನ್ನ ಅರ್ಧಕ್ಕೆ ಬಿಳಿ ಬಳಿಸಿದ್ದ, ಅಣ್ಣ ಬಳಿಸಿರಲಿಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಔಟ್‌ಡೋರ್, ಅಂದರೆ ಎಸಿಯ ಹೊರಗಿನ ಪೆಟ್ಟಿಗೆ, ನೋಡಲು ಮೇಲೆ ಹೋದೆ. ಚಪ್ಪಲಿ ಬಿಟ್ಟು ನಡುವಿನ ಗೆರೆಯ ಮೇಲೆ ನಿಂತೆ, ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ. ಬಿಳಿಯ ಮೇಲಿನ ಕಾಲು ಬಿಸಿ ಅಂದಿತು, ಆದರೆ ತಡೆದುಕೊಂಡಿತು. ಬೂದು ಕಾಂಕ್ರೀಟಿನ ಮೇಲಿನ ಕಾಲನ್ನು ಮೂರು ಎಣಿಸುವಷ್ಟರಲ್ಲಿ ಎತ್ತಿಬಿಟ್ಟೆ. ಅದೇ ಬಿಸಿಲು, ಅದೇ ಕಾಂಕ್ರೀಟು, ಅದೇ ಗಳಿಗೆ. ಮುಂದಿನ ವರ್ಷ ಅಣ್ಣನೂ ಬಳಿಸಿದರು.

ಬೂದು ಕಾಂಕ್ರೀಟು ಮೇಲೆ ಬಿದ್ದ ಬಿಸಿಲಿನಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ಹೊಸ ಬಿಳುಪು ಬಹುಪಾಲನ್ನು ವಾಪಸು ಆಕಾಶಕ್ಕೆ ಕಳಿಸುತ್ತದೆ. ಇದು ಬರೀ ಹಳ್ಳಿ ಉಪಾಯ ಅಲ್ಲ. ನಿಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ರಾಜ್ಯ ನೀತಿ ತಂದಿದೆ. ಅಂಗಡಿಯಲ್ಲಿ ಕೂಲ್ ರೂಫ್ ಪೇಂಟ್ ಅಂತ ಸಿಗುತ್ತದೆ, ಕೆಲವು ವರ್ಷ ಬಾಳುತ್ತದೆ, ದುಡ್ಡು ಜಾಸ್ತಿ. ಈ ವರ್ಷಕ್ಕೆ ಸುಣ್ಣ ಸಾಕು. ಗಟ್ಟಿ ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಸೋಸಿ, ಸ್ವಲ್ಪ ಬಿಳಿ ಗೋಂದು ಬೆರೆಸಿ ಎರಡು ಕೋಟು. ಮಳೆಗಾಲದಲ್ಲಿ ಸವೆಯುತ್ತದೆ, ಮುಂದಿನ ಮಾರ್ಚ್‌ಗೆ ಮತ್ತೆ ಬಳಿಯಬೇಕು. ಎರೆ ಮಣ್ಣಿನ ಧೂಳು ಕೂತರೆ ಬಿಳುಪು ಮಂಕಾಗುತ್ತದೆ, ಆಗಾಗ ಗುಡಿಸಿ.

ಮಾಳಿಗೆ ಮೇಲೆ ಕಂಬ ನಿಲ್ಲಿಸಿ ಹಸಿರು ಶೇಡ್‌ನೆಟ್ ಕಟ್ಟಿದರೂ ಒಳ್ಳೆಯದೇ. ನೆಲಕ್ಕೆ ತಾಗದಂತೆ ಎತ್ತರದಲ್ಲಿ ಕಟ್ಟಿ, ಗಾಳಿ ಆಡಬೇಕು. ಸಂಜೆ ಮಾಳಿಗೆಗೆ ನೀರು ಹೊಡೆಯುವುದನ್ನು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಊರು.

ಪಶ್ಚಿಮದ ಕಿಟಕಿಗೆ ಪರದೆ ಹಾಕಿದ್ದೀರಿ ಅಂದುಕೊಳ್ಳುತ್ತೇನೆ. ಅದು ಒಳಗಿದೆ, ಅಲ್ವಾ? ಬಿಸಿಲು ಗಾಜು ದಾಟಿ ಪರದೆಗೆ ಬಡಿದ ಮೇಲೆ ಆ ಬಿಸಿ ಒಳಗೇ ಉಳಿಯಿತು. ನೆರಳು ಗಾಜಿನ ಹೊರಗೆ ಬೀಳಬೇಕು. ಹೊರಗಡೆ ಬಿದಿರಿನ ಪರದೆ ಇಳಿಬಿಡಿ, ಅಥವಾ ಉಳಿದ ಶೇಡ್‌ನೆಟ್ ತುಂಡನ್ನು ಎರಡು ಮಡಿಕೆ ಮಾಡಿ ಕಟ್ಟಿ. ಮಧ್ಯಾಹ್ನ ಎರಡರಿಂದ ಆರೂವರೆವರೆಗೆ ಇಳಿದಿದ್ದರೆ ಸಾಕು. ನಮ್ಮ ಹಿರಿಯರು ಲಾವಂಚದ ತಟ್ಟಿಯನ್ನು ಬಾಗಿಲ ಹೊರಗೇ ಕಟ್ಟುತ್ತಿದ್ದರು, ಒಳಗಲ್ಲ.

ಆಮೇಲೆ ಸಂದುಗಳು. ಎಸಿ ಆನ್ ಇರುವಾಗ ಒಂದು ಊದುಬತ್ತಿ ಹಚ್ಚಿ ಬಾಗಿಲ ಕೆಳಗೆ, ಕಿಟಕಿ ಚೌಕಟ್ಟಿನ ಸುತ್ತ, ಎಸಿ ಪೈಪ್ ಗೋಡೆ ತೂರುವ ಜಾಗದಲ್ಲಿ, ಬಾತ್‌ರೂಮ್ ಬಾಗಿಲ ಹತ್ತಿರ ನಿಧಾನಕ್ಕೆ ಆಡಿಸಿ. ಮಗು ಬೇರೆ ಕೋಣೆಯಲ್ಲಿರುವಾಗ ಮಾಡಿ. ಹೊಗೆ ನೇರ ಏರುತ್ತಿದ್ದರೆ ಸರಿ. ಒಂದು ಕಡೆ ಎಳೆದುಕೊಂಡು ಹೋದರೆ ಅಲ್ಲಿ ಗಾಳಿ ಸೋರುತ್ತಿದೆ. ಬಾಗಿಲ ಕೆಳಗಿನ ಅರ್ಧ ಇಂಚಿನ ಸಂದಿಗೆ ಹಳೇ ಸೀರೆ ಸುತ್ತಿ ಇಟ್ಟರೂ ನಡೆಯುತ್ತದೆ. ಪೈಪಿನ ತೂತಿಗೆ ಪುಟ್ಟಿ ಮೆತ್ತಿ.

ಇನ್ನು ರಾತ್ರಿ ಓಡಿಸುವ ಕ್ರಮ. ಒಂದು ಚಿಕ್ಕ ಥರ್ಮಾಮೀಟರ್ ತಂದು ಗೋಡೆಗೆ ತೂಗುಹಾಕಿ, ಇನ್ನೂರು ರೂಪಾಯಿ ಒಳಗೆ ಸಿಗುತ್ತದೆ. ಬೆಳಗ್ಗೆ ಎಂಟರ ನಂತರ ಕಿಟಕಿ ಮುಚ್ಚಿಡಿ, ಹಗಲಿನ ಬಿಸಿಗಾಳಿ ಒಳಗೆ ಬೇಡ. ಸಂಜೆ ಹೊರಗಿನ ಗಾಳಿ ಕೋಣೆಗಿಂತ ತಂಪು ಅನ್ನಿಸಿದಾಗ ಕಿಟಕಿ, ಬಾಗಿಲು ಎರಡೂ ತೆಗೆದು ಫ್ಯಾನ್ ಜೋರು ಹಾಕಿ ಕಾಲು ಗಂಟೆ ಬಿಡಿ. ದಿನವಿಡೀ ಕಾದು ನಿಂತ ಗಾಳಿ ಹೊರಗೆ ಹೋಗುತ್ತದೆ. ಇದಕ್ಕೆ ಎಸಿ ಬೇಕಾಗಿಲ್ಲ, ಫ್ಯಾನಿನ ಕೆಲಸ. ಆಮೇಲೆ ಎಲ್ಲ ಮುಚ್ಚಿ ಎಸಿಯನ್ನು 25 ಅಥವಾ 26ಕ್ಕೆ ಇಡಿ. ಎಸಿಯ ರೆಕ್ಕೆ ಮೇಲ್ಮುಖ ಇರಲಿ. ತಂಪು ಗಾಳಿ ಭಾರ, ತಾನೇ ಕೆಳಗಿಳಿಯುತ್ತದೆ. ಮಂಚದ ಕಡೆ ನೇರ ತಿರುಗಿಸಿದರೆ ಮಲಗಿದವರಿಗೆ ಮಾತ್ರ ಚಳಿ, ಕೋಣೆ ಹಾಗೇ ಬಿಸಿ.

ಸೀಲಿಂಗ್ ಫ್ಯಾನನ್ನು ಒಂದು ಅಥವಾ ಎರಡರಲ್ಲಿ ಓಡಿಸಿ. ಎಸಿ ಇದ್ದಾಗ ಫ್ಯಾನ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಮೈಮೇಲೆ ಗಾಳಿ ಆಡಿದರೆ ಎರಡು ಮೂರು ಡಿಗ್ರಿ ಕಡಿಮೆ ಇದ್ದಂತೆ ಅನ್ನಿಸುತ್ತದೆ. 26ರಲ್ಲಿ ಮಲಗಿ 23ರ ಸುಖ. ಮಾಮೂಲಿ ಫ್ಯಾನು ಪೂರ್ತಿ ಸ್ಪೀಡಿನಲ್ಲಿ 70–75 ವಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಹೊಸ ಮಾದರಿಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ನಿಮ್ಮ ಎಸಿ ಪೂರ್ತಿ ಓಡುವಾಗ ಒಂದೂವರೆ ಸಾವಿರ ವಾಟ್.

ನಡುವೆ ಎದ್ದೆದ್ದು ಆಫ್ ಮಾಡಬೇಡಿ. ಒಂದು ಗಂಟೆ ಚಳಿಯಾಗುವಷ್ಟು ಓಡಿಸಿ ಆರಿಸುವುದು, ಬೆವರಿ ಎದ್ದಾಗ ಮತ್ತೆ ಹಾಕುವುದು. ಉಳಿತಾಯ ಅಂದುಕೊಂಡು ಮಾಡುತ್ತಾರೆ, ನಿದ್ದೆಯೂ ಹಾಳು. ಇನ್ವರ್ಟರ್ ಎಸಿ ನಿಧಾನಕ್ಕೆ ಒಂದೇ ಸಮ ಓಡುವುದು ಒಳ್ಳೆಯದು. ಕೋಣೆಯಿಂದ ಹೊರಗೆ ಅರ್ಧ ಗಂಟೆಗಿಂತ ಜಾಸ್ತಿ ಹೋಗುತ್ತೀರಿ ಅಂದರೆ ಮಾತ್ರ ಆರಿಸಿ. ಬೆಳಗಿನ ಜಾವ ನಾಲ್ಕೂವರೆಗೆ ಆಫ್ ಆಗುವಂತೆ ಟೈಮರ್ ಇಟ್ಟು, ಎದ್ದವರು ಸೊಳ್ಳೆ ಪರದೆಯ ಕಿಟಕಿ ತೆಗೆದುಬಿಡಿ. ನಿಮ್ಮೂರಲ್ಲಿ ದಿನದ ಅತಿ ತಂಪು ಹೊತ್ತು ಅದೇ. ನಾಲ್ಕು ಜನ ರಾತ್ರಿಯಿಡೀ ಮುಚ್ಚಿದ ಕೋಣೆಯಲ್ಲಿ ಉಸಿರಾಡಿದ ಗಾಳಿಯೂ ಹೊರಗೆ ಹೋಗಬೇಕಲ್ಲ.

ಈಗ ಗ್ಯಾಸ್. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಪ್ರತಿ ಬೇಸಿಗೆಯಲ್ಲಿ ಜನ ದುಡ್ಡು ಕಳೆದುಕೊಳ್ಳುವ ಜಾಗ ಇದು.

ಎಸಿ ಗ್ಯಾಸ್ ಅಡುಗೆ ಗ್ಯಾಸಿನ ಥರ ಉರಿದು ಖಾಲಿಯಾಗುವ ಮಾಲಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಫಿಟ್ಟಿಂಗ್ ಸರಿಯಿದ್ದರೆ ಹತ್ತು ವರ್ಷವೂ ಅದೇ ಗ್ಯಾಸ್. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹಾಕಿದಂತೆ. ಒಂದು ಮನೆಯಲ್ಲಿ ಮೂರು ವರ್ಷ, ಮೂರು ಏಪ್ರಿಲ್, ಮೂರು ಸಲ ಗ್ಯಾಸ್ ತುಂಬಿಸಿದ್ದರು. ನಾಲ್ಕನೇ ಸಲ ನಾನು ಹೋದೆ. ಔಟ್‌ಡೋರ್ ಹತ್ತಿರ ಪೈಪ್ ಸೇರುವ ಹಿತ್ತಾಳೆ ನಟ್ಟಿಗೆ ಸೋಪಿನ ನೊರೆ ಹಚ್ಚಿ ಕೂತೆ. ಒಂದು ನಿಮಿಷದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಆ ಪೈಪಿನ ತುದಿಯನ್ನು ಹೊಸದಾಗಿ ಅರಳಿಸಿ ಬಿಗಿದ ಮೇಲೆ ಆ ಮನೆಯಿಂದ ಗ್ಯಾಸ್‌ಗೆ ಫೋನ್ ಬಂದಿಲ್ಲ. ಮೂರು ವರ್ಷದ ದುಡ್ಡು ಹೋದದ್ದು ಆ ಸಾಸಿವೆ ಕಾಳಿಗೆ.

ನೀವೇ ಪರೀಕ್ಷೆ ಮಾಡಬಹುದು. ಮೊದಲು ಒಳಗಿನ ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆದು ಒಣಗಿಸಿ ಹಾಕಿ. ನಿಮ್ಮೂರ ಧೂಳಿಗೆ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಆಮೇಲೆ ಎಸಿ ಇಪ್ಪತ್ತು ನಿಮಿಷ ಓಡಲಿ. ಅದೇ ಥರ್ಮಾಮೀಟರನ್ನು ಎಸಿಯ ಮೇಲ್ಭಾಗದಲ್ಲಿ, ಗಾಳಿ ಒಳಗೆ ಎಳೆಯುವ ಕಡೆ ಹಿಡಿದು ಅಂಕಿ ಬರೆದುಕೊಳ್ಳಿ. ಐದು ನಿಮಿಷ ಬಿಟ್ಟು ತಣ್ಣನೆ ಗಾಳಿ ಬರುವ ಬಾಯಲ್ಲಿ ಹಿಡಿದು ಬರೆದುಕೊಳ್ಳಿ. ಒಳಗಿನ ಚಕ್ರಕ್ಕೆ ಬೆರಳು ಹಾಕಬೇಡಿ. ಎರಡರ ಅಂತರ ಎಂಟರಿಂದ ಹನ್ನೆರಡು ಡಿಗ್ರಿ ಇದ್ದರೆ ಗ್ಯಾಸ್ ಚೆನ್ನಾಗಿದೆ. ಎಸಿ ಪೂರ್ತಿ ಓಡುತ್ತಿದ್ದೂ ನಾಲ್ಕೈದೇ ಇದ್ದರೆ, ಅಥವಾ ಔಟ್‌ಡೋರಿನ ಸಣ್ಣ ಪೈಪಿನ ಮೇಲೆ ಬಿಳಿ ಮಂಜು ಕಟ್ಟಿದ್ದರೆ, ಆಗ ಮೆಕ್ಯಾನಿಕ್‌ರನ್ನು ಕರೆಯಿರಿ. ಅವರಿಗೆ ಮೂರು ಮಾತು ಹೇಳಿ. ಲೀಕ್ ಎಲ್ಲಿದೆ ನನ್ನ ಕಣ್ಣಿಗೆ ತೋರಿಸಿ. ಸರಿ ಮಾಡಿದ ಮೇಲೆ ವ್ಯಾಕ್ಯೂಮ್ ಮಾಡಿ, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯಿರಿ. ಗ್ಯಾಸನ್ನು ತಕ್ಕಡಿ ಮೇಲೆ ಇಟ್ಟು ತೂಕ ಮಾಡಿ ತುಂಬಿ. ಎಷ್ಟು ಗ್ರಾಂ ಅನ್ನೋದು ಔಟ್‌ಡೋರ್ ಮೇಲಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ಈಗಿನ ಎಸಿಗಳಲ್ಲಿ ಜಾಸ್ತಿ ಇರುವುದು ಆರ್-32 ಅನ್ನೋ ಗ್ಯಾಸ್, ಅದಕ್ಕೆ ಬೆಂಕಿ ತಗಲುವ ಗುಣ ಸ್ವಲ್ಪ ಇದೆ. ಅನುಭವ ಇಲ್ಲದವರ ಕೈಗೆ ಕೊಡಬೇಡಿ.

ಔಟ್‌ಡೋರ್ ಎಲ್ಲಿದೆ ಅಂತ ನೀವು ಬರೆದಿಲ್ಲ. ಮಾಳಿಗೆ ಮೇಲೆ, ಬಿಸಿಲಲ್ಲಿ ಇದ್ದರೆ ಅದರ ಮೇಲೆ ಎರಡು ಅಡಿ ಎತ್ತರಕ್ಕೆ ಒಂದು ಶೀಟು ಹಾಕಿ ನೆರಳು ಮಾಡಿ, ಸುತ್ತಲೂ ತೆರೆದಿರಲಿ. ಕಳ್ಳರ ಭಯಕ್ಕೆ ನಾಲ್ಕೂ ಕಡೆ ಮುಚ್ಚಿ, ಮುಂದೆ ರಟ್ಟು, ಹಳೇ ಸೈಕಲ್ಲು ಒರಗಿಸಿದವರನ್ನು ನೋಡಿದ್ದೇನೆ. ಅದು ಉಗುಳಿದ ಬಿಸಿಗಾಳಿಯನ್ನು ಅದೇ ಮತ್ತೆ ನುಂಗುತ್ತದೆ. ಮುಂದೆ ಮೂರು ನಾಲ್ಕು ಅಡಿ ಬಯಲು ಬೇಕು. ಹಿಂದಿನ ಜಾಲರಿಯಲ್ಲಿ ಧೂಳು ಕಟ್ಟಿದ್ದರೆ ಮೇನ್ ಸ್ವಿಚ್ ಆರಿಸಿ, ಮೆತ್ತಗೆ ಬ್ರಷ್ ಆಡಿಸಿ ನೀರು ಬಿಡಿ. ಓಡುವಾಗ ದಿನಾ ನೀರು ಚಿಮುಕಿಸುವ ಉಪಾಯ ಬೇಡ. ಬೋರ್‌ವೆಲ್ಲಿನ ಗಡಸು ನೀರು ಜಾಲರಿಯ ಮೇಲೆ ಸುಣ್ಣದ ಪದರ ಕಟ್ಟಿಬಿಡುತ್ತದೆ.

ಪ್ಲಗ್ ಮುಟ್ಟಿದರೆ ಬಿಸಿ ಅನ್ನಿಸಿದರೆ, ಸುಟ್ಟ ವಾಸನೆ ಬಂದರೆ ಅವತ್ತೇ ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ. ಉಳಿತಾಯದ ಮಾತೆಲ್ಲ ಆಮೇಲೆ.

ಹಗಲು ಹೊತ್ತಿಗೆ ಹಾಲ್‌ನಲ್ಲಿ ಕೂಲರ್ ಇಡಿ. ಒಣ ಸೆಕೆಯ ಊರಿಗೆ ಕೂಲರ್ ಹೇಳಿ ಮಾಡಿಸಿದ್ದು. ನೀರು ಆರುವಾಗ ಗಾಳಿ ತಂಪಾಗುತ್ತದೆ, 150–200 ವಾಟ್‌ನಲ್ಲಿ ಕೆಲಸ ಮುಗಿಯುತ್ತದೆ. ಕೂಲರ್ ಹಿಂದೆ ಕಿಟಕಿ ತೆರೆದಿರಲಿ, ಎದುರಿನದೂ ತೆರೆದಿರಲಿ. ಆದರೆ ಎಸಿ ಕೋಣೆಯಲ್ಲಿ ಕೂಲರ್ ಹಚ್ಚಬೇಡಿ. ಕೂಲರ್ ಬಿಟ್ಟ ತೇವವನ್ನು ಎಸಿ ಹಿಂಡಿ ಹೊರಗೆ ಹಾಕಬೇಕಾಗುತ್ತದೆ, ಅದಕ್ಕೂ ಕರೆಂಟ್. ಮಂಗಳೂರು, ಕಾರವಾರದ ಕಡೆಯ ಓದುಗರಿಗೆ ಈ ಕೂಲರ್ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಗಾಳಿಯೇ ಒದ್ದೆ, ಎಸಿ ಪೈಪಿನಿಂದ ರಾತ್ರಿ ಕಳೆಯುವುದರೊಳಗೆ ಬಕೆಟ್‌ನಲ್ಲಿ ನೀರು ನಿಂತಿರುತ್ತದೆ. ಅವರಿಗೆ ರಿಮೋಟಿನ ಡ್ರೈ ಮೋಡ್ ಮಳೆಗಾಲದ ಆಚೀಚೆ ಉಪಯೋಗ. ಕಲಬುರಗಿಯ ಮೇ ತಿಂಗಳಲ್ಲಿ ಅದನ್ನು ಒತ್ತಿ ಪ್ರಯೋಜನ ಇಲ್ಲ.

ಅತ್ತೆಯವರ ಮತ್ತು ಮಗುವಿನ ವಿಷಯ. ಇಬ್ಬರಿಗೂ 25–26 ಹಿತ. 18 ಇಬ್ಬರಿಗೂ ಕೆಟ್ಟದ್ದೇ. ಮಗುವಿನ ಮೇಲೆ ನೇರ ಗಾಳಿ ಬೀಳದಂತೆ ತೊಟ್ಟಿಲು ಸರಿಸಿ. ಅತ್ತೆಗೆ ಕೀಲು ನೋವು ಇದ್ದರೆ 27ಕ್ಕೆ ಇಟ್ಟು ಫ್ಯಾನ್ ಹಾಕಿ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಮನೆಗಳ ಹಿರಿಯರು ಬಿಲ್ ನೆನೆಸಿಕೊಂಡು, ಮಗ ಸೊಸೆ ಹೊರಗೆ ಹೋದ ತಕ್ಷಣ ಎಸಿ, ಕೂಲರ್ ಎಲ್ಲ ಆರಿಸಿ ಸುಮ್ನೆ ಬೆವರುತ್ತಾ ಕೂರುತ್ತಾರೆ. ವಯಸ್ಸಾದವರಿಗೆ ಬಾಯಾರಿಕೆಯೂ ಬೇಗ ಗೊತ್ತಾಗುವುದಿಲ್ಲ. 43 ಡಿಗ್ರಿಯ ಮಧ್ಯಾಹ್ನ ಅವರು ಒಬ್ಬರೇ ಇದ್ದರೆ ಎಸಿ ಓಡಲಿ. ಅವರ ಕೈಗೆ ರಿಮೋಟ್ ಕೊಟ್ಟು, ‘ಆರಿಸಬೇಡ್ರಿ ಅತ್ತಿ, ದುಡ್ಡಿನ ಚಿಂತಿ ಬ್ಯಾಡ’ ಅಂತ ನೀವೇ ಬಾಯಿಬಿಟ್ಟು ಹೇಳಿ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ, ಮಂಪರು ಕವಿದರೆ ಎಸಿ ಅಲ್ಲ, ಆಸ್ಪತ್ರೆ. ಕರೆದೊಯ್ಯುವವರೆಗೆ ಮೈಗೆ ನೀರು ಚಿಮುಕಿಸಿ ಗಾಳಿ ಹಾಕುತ್ತಿರಿ.

ಬಿಲ್ಲಿನ ಲೆಕ್ಕ ಮಾಡೋಣ. ನಿಮ್ಮ ಮನೆಯ ಉಳಿದ ಖರ್ಚು ತಿಂಗಳಿಗೆ 150 ಯೂನಿಟ್ ಇರಬಹುದು. 18ಕ್ಕೆ ಇಟ್ಟ ಎಸಿ ರಾತ್ರಿಗೆ ಸುಮಾರು 15 ಯೂನಿಟ್, ತಿಂಗಳಿಗೆ 450. ಒಟ್ಟು 600. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ 4,200, ಮೇಲೆ ನಿಗದಿತ ಶುಲ್ಕ. ನಿಮ್ಮ 4,600 ಅಲ್ಲಿಂದಲೇ ಬಂದಿದೆ. ಸುಣ್ಣ, ನೆರಳು, 26 ಮತ್ತು ಫ್ಯಾನ್ ಇವು ಸೇರಿದರೆ ರಾತ್ರಿಗೆ ಆರೇಳು ಯೂನಿಟ್‌ಗೆ ಇಳಿಯಬಹುದು ಅಂತ ನನ್ನ ಅಂದಾಜು. ಆಗ ಒಟ್ಟು 340 ಯೂನಿಟ್, ಬಿಲ್ ಎರಡೂಮುಕ್ಕಾಲು ಸಾವಿರದ ಹತ್ತಿರ. ಏಪ್ರಿಲ್, ಮೇನಲ್ಲಿ ಸೊನ್ನೆ ಬಿಲ್ ಆಸೆ ನಾನು ತೋರಿಸುವುದಿಲ್ಲ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಮತ್ತೆ 200ರ ಒಳಗೆ ಬರುತ್ತೀರಿ.

ನನ್ನ ಅಂದಾಜನ್ನು ನಂಬಿ ಕೂರಬೇಡಿ, ಮೀಟರ್ ಕೇಳಿ. ಮಲಗುವಾಗ ಮೀಟರಿನ ಅಂಕಿ ಬರೆದಿಡಿ, ಬೆಳಗ್ಗೆ ಎದ್ದ ತಕ್ಷಣ ಮತ್ತೆ ಬರೆಯಿರಿ, ಕಳೆಯಿರಿ. ಎರಡು ರಾತ್ರಿ ನಿಮ್ಮ ಹಳೇ ಪದ್ಧತಿ, ಎರಡು ರಾತ್ರಿ 26 ಮತ್ತು ಫ್ಯಾನ್. ಕ್ಯಾಲೆಂಡರಿನ ತಾರೀಖಿನ ಪಕ್ಕದಲ್ಲೇ ಬರೆದರೆ ಸಾಕು. ನಿಮ್ಮ ಮನೆಯವರ ಎರಡು ಟನ್ ಆಲೋಚನೆಗೂ ಆ ಅಂಕಿಯೇ ಉತ್ತರ ಕೊಡುತ್ತದೆ. ಮುಂದೆ ಯಾವಾಗಲೋ ಹೊಸದು ಕೊಳ್ಳುವಾಗ ಒಂದೂವರೆ ಟನ್ನೇ ತನ್ನಿ. ಬರೀ ಸ್ಟಾರ್ ಎಣಿಸಬೇಡಿ. ಸ್ಟಾರ್ ಪಟ್ಟಿಯ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, 1,600 ಗಂಟೆ ಓಡಿಸಿದರೆ ಆಗುವ ಲೆಕ್ಕ ಅದು. ಎರಡು ಮಾಡೆಲ್ಲಿನ ಆ ಅಂಕಿ ಹೋಲಿಸಿ. ಪಟ್ಟಿಯ ವರ್ಷವನ್ನೂ ನೋಡಿ. ನಿಯಮ ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುವುದರಿಂದ ಹಳೇ ಸ್ಟಾಕಿನ 5 ಸ್ಟಾರ್ ಹೊಸ 5 ಸ್ಟಾರಿನಷ್ಟು ಇರುವುದಿಲ್ಲ.

ಈ ಭಾನುವಾರವೇ ಸುಣ್ಣ ಹಚ್ಚುವುದಾದರೆ ಶನಿವಾರ ಸಂಜೆ ಮಾಳಿಗೆ ಗುಡಿಸಿ ತೊಳೆದಿಡಿ. ಬೆಳಗ್ಗೆ ಆರಕ್ಕೇ ಶುರು ಮಾಡಿ ಒಂಬತ್ತರೊಳಗೆ ಇಳಿದುಬಿಡಿ. ಕೈಗೆ ಗ್ಲೌಸ್ ಇರಲಿ, ಸುಣ್ಣದ ಹನಿ ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿ. ಮೂಲೆಯಿಂದ ಶುರು ಮಾಡಿ ಮೆಟ್ಟಿಲ ಕಡೆಗೆ ಹಿಂದಕ್ಕೆ ಬರುತ್ತಾ ಹಚ್ಚಿ, ಇಲ್ಲದಿದ್ದರೆ ಹಸಿ ಸುಣ್ಣದ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. ಎರಡನೇ ಕೋಟು ಅವತ್ತೇ ಸಂಜೆ. ಆ ರಾತ್ರಿ ಅಲ್ಲ, ಮರುದಿನ ರಾತ್ರಿ ಎಂಟಕ್ಕೆ ಮತ್ತೆ ಸ್ಟೂಲ್ ಹತ್ತಿ ಸೀಲಿಂಗ್ ಮುಟ್ಟಿ ನೋಡಿ.